ಭರಣಿ ಮಳೆಗೆ ಮುಂಚೆ

ಹಂಗಳ
೯ ಫೆಬ್ರವರಿ ೨೦೨೫

ಮೀನಾಳ ಅಪ್ಪನಿಗೆ,

ಶಿವರಂಜಿನಿ ಮಾಡುವ ನಮಸ್ಕಾರ. ನಿಮ್ಮ ಕ್ಯಾಂಪಿನ ಕಡೆ ಟವರ್ ಸಿಗುವುದಿಲ್ಲ ಎಂದು ಗೊತ್ತಿದ್ದೂ ಫೋನ್ ಮಾಡಿ ನೋಡುತ್ತಿದ್ದೆ. ನಿನ್ನೆ ನಿಮ್ಮ ಅರಣ್ಯ ಇಲಾಖೆಯ ಜೀಪ್ ಓಡಿಸುವ ಕನಕರಾಜು ಅಂಗಡಿ ಹತ್ತಿರ ಸಿಕ್ಕಿದ. ಅಕ್ಕಿ ಬೇಳೆ ತೆಗೆದುಕೊಂಡು ಕಾಡಿಗೆ ಹೋಗುವಾಗ ಕಾಗದ ಕೊಟ್ಟರೆ ತಲುಪಿಸುತ್ತೇನೆ ಎಂದ. ಅದಕ್ಕೆ ಬರೆಯುತ್ತಿದ್ದೇನೆ.

ವಿಷಯ ಚಾವಣಿಯದು. ಮೀನಾ ಹೋದ ದಿನ ಗಾಳಿಗೆ ಹಾರಿದ ನಮ್ಮ ಮುಂದಿನ ಮನೆಯ, ಅದೇ ಬೀದಿ ಕಡೆಯ ಕೋಣೆಯ ಚಾವಣಿ ಹಾಗೇ ಇದೆ. ಮೇಲೆ ಕಟ್ಟಿದ ಟಾರ್ಪಾಲು ಮಳೆಗಾಲ ಹೇಗೋ ತಡೆಯಿತು. ಈಗ ಬಿಸಿಲಿಗೆ ಸೀಳಿ, ಹಗ್ಗ ಕಟ್ಟಿದ ಕಡೆಯೆಲ್ಲ ನೂಲು ನೂಲಾಗಿದೆ. ಹಿಂದಿನ ಅಡುಗೆಮನೆಯ ಹೆಂಚಿಗೆ ಏನೂ ಆಗಿಲ್ಲ. ಯುಗಾದಿ ಕಳೆದರೆ ಗಾಳಿ ಶುರುವಾಗುತ್ತದೆ. ಪಕ್ಕದ ಮನೆಯ ಮಹದೇವಸ್ವಾಮಿ ಮೊನ್ನೆ ಬೇಲಿಯ ಆಚೆಯಿಂದಲೇ, "ಅತ್ತಿಗ, ಈ ಸಲನೂವೆ ಇಂಗೇ ಬುಟ್ಬುಟ್ಟೀರಾ?" ಎಂದು ಕೇಳಿದ. ನಾನು ಇಲ್ಲ ಎಂದೆ. ಆ ಮಾತು ಆಡಿದ ಮೇಲೆ ಮಾಡಿಸಲೇಬೇಕು.

ಅತ್ತೆ ಅಡುಗೆಮನೆಯಲ್ಲೇ ಮಲಗುತ್ತಾರೆ, ಮುಂದಿನ ಮನೆಗೆ ಕಾಲಿಡುವುದಿಲ್ಲ. ಮರದ ಎಲೆ ಸ್ವಲ್ಪ ಜೋರಾಗಿ ಅಲ್ಲಾಡಿದರೂ ಎದ್ದು ಬೀದಿಗೆ ಹೋಗಿ ನಿಲ್ಲುತ್ತಾರೆ. ಯಾಕೆ ಅತ್ತೆ ಎಂದರೆ, "ಒಳಗ ಸೆಕೆ ಕಣಮ್ಮಿ" ಎನ್ನುತ್ತಾರೆ.

ನಾನು ಶಾಲೆಯ ಬಿಸಿಯೂಟದ ಅಡುಗೆಗೆ ದಿನಾ ಹೋಗುತ್ತಿದ್ದೇನೆ. ಮೀನಾಳ ಜೊತೆಯ ಮಕ್ಕಳು ಈಗ ಏಳನೇ ಕ್ಲಾಸು. ಸಾಂಬಾರು ಬಡಿಸುತ್ತೇನೆ. ಅವರೂ ತಟ್ಟೆ ಒಡ್ಡುತ್ತಾರೆ.

ಶೀಟು ಹಾಕಿಸುವುದೋ ಹೆಂಚೋ ಹೇಳಿ. ದೀಪಾವಳಿಗೆ ಬಂದಾಗ ಅಂಗಳದಲ್ಲೇ ನಿಂತು ಟೀ ಕುಡಿದು ಹೋದಿರಿ. ಈ ಸಲ ಒಂದು ದಿನವಾದರೂ ಇದ್ದು ಕೆಲಸ ಮುಂದೆ ನಿಂತು ಮಾಡಿಸಿದರೆ ಒಳ್ಳೆಯದು.

ಇತಿ,
ಶಿವರಂಜಿನಿ


ಕ್ಯಾಂಪು
೧೭ ಫೆಬ್ರವರಿ ೨೦೨೫

ಶಿವರಂಜಿನಿಗೆ,

ಕಾಗದ ತಲುಪಿತು. ಈಗ ಬೆಂಕಿಯ ಕಾಲ. ಲಂಟಾನ ಒಣಗಿ ಸೌದೆಯಾಗಿದೆ, ಹುಲ್ಲು ಮುಟ್ಟಿದರೆ ಪುಡಿ. ಹಗಲೆಲ್ಲ ಬೆಂಕಿ ಹರಡದಂತೆ ಸವರಿದ ರೇಖೆಯ ಮೇಲೆ ನಡೆಯುವುದು, ಗುಡ್ಡ ಹತ್ತಿ ಹೊಗೆ ನೋಡುವುದು, ಇಷ್ಟೇ ಕೆಲಸ. ಮಳೆ ಬೀಳುವವರೆಗೆ ರಜೆ ಇಲ್ಲ ಎಂದಿದ್ದಾರೆ. ಆದ್ದರಿಂದ ನಾನು ಬರುವುದು ಕಷ್ಟ.

ಹೆಂಚು ಬೇಡ. ಅದರ ಭಾರಕ್ಕೆ ಆ ಗೋಡೆ ತಡೆಯುವುದಿಲ್ಲ. ಶೀಟೇ ಹಾಕಿಸು. ಆದರೆ ಮರದ ತೊಲೆ ಬೇಡ, ಕಬ್ಬಿಣದ ಪೈಪು ಹಾಕಿಸು. ಗುಂಡ್ಲುಪೇಟೆಯಲ್ಲಿ ಪುಟ್ಟಮಲ್ಲಪ್ಪ ಅಂತ ವೆಲ್ಡಿಂಗ್ ಕೆಲಸದವನಿದ್ದಾನೆ. ನಮ್ಮ ಕ್ಯಾಂಪಿನ ಗೇಟು ಮಾಡಿದವನು ಅವನೇ. ಬರುತ್ತೇನೆ ಎಂದ ದಿನ ಬರುವುದಿಲ್ಲ, ಮಾತೂ ಜಾಸ್ತಿ, ಆದರೆ ಕೆಲಸ ಬಿಗಿ. ನನ್ನ ಹೆಸರು ಹೇಳು.

ಮನೆ ಮುಂದಿನ ಹೊಂಗೆ ಮರದ ಕೊಂಬೆ ಚಾವಣಿಯ ಕಡೆ ಬಾಗಿದ್ದರೆ ಕಡಿಸಿಬಿಡು. ಗಾಳಿಗೆ ಮುರಿದು ಬಿದ್ದರೆ ಹೊಸ ಶೀಟು ತೂತಾಗುತ್ತದೆ.

ಅವ್ವನಿಗೆ ಮಂಡಿಗೆ ಹಚ್ಚುವ ಎಣ್ಣೆ ಮುಗಿದಿದ್ದರೆ ತರಿಸು. ನನಗೆ ಊಟಕ್ಕೆ ತೊಂದರೆ ಇಲ್ಲ.

ನಿಂಗರಾಜು


ಹಂಗಳ
೬ ಮಾರ್ಚ್ ೨೦೨೫

ಮೀನಾಳ ಅಪ್ಪನಿಗೆ,

ನಮಸ್ಕಾರ. ಪುಟ್ಟಮಲ್ಲಪ್ಪ ಮೂರು ಸಲ ನಾಳೆ ಎಂದು ಹೇಳಿ ಕೊನೆಗೆ ಇವತ್ತು ಬಂದ. ಏಣಿ ಹಾಕಿ ಹತ್ತಿ ಗೋಡೆಯ ತಲೆ ಕೈಯಲ್ಲಿ ಕೆರೆದು ನೋಡಿದ. ಮಣ್ಣು ಸುರಿಯಿತು.

"ಇದ್ರ ಮ್ಯಾಲ ಏನ್ ಕೂರ್ಸಿದ್ರೂ ನಿಲ್ಲದಿಲ್ಲ ಕಣವ್ವ" ಎಂದು ಮೇಲಿಂದಲೇ ಕೂಗಿದ. "ಮೊದ್ಲು ಸುತ್ತ ಒಂದು ಕಾಂಕ್ರೀಟ್ ಬೆಲ್ಟ್ ಹಾಕನ. ಅದ್ರೊಳಗ ಕಬ್ಣ ಹೂಣನ. ಆ ಕಬ್ಣಕ್ಕ ಪೈಪ್ ಬೆಸಿಯನ. ಆಗ ಗಾಳಿ ಚಾವಣಿ ಎತ್ಕಂಡ್ ಓಗ್ಬೇಕು ಅಂದ್ರ ಗೋಡ ಸಮೇತ ಎತ್ಬೇಕು."

ಮಾವನವರ ಕಾಲದಲ್ಲಿ ತೊಲೆಗೆ ಮೊಳೆ ಹೊಡೆದು ಶೀಟು ಕೂರಿಸಿದ್ದರಲ್ಲ, ಮೇಲೆ ಕಲ್ಲು ಹೇರಿದ್ದರಲ್ಲ, ಅದನ್ನು ಹೇಳಿದೆ. ಅವನು ನಕ್ಕ. "ಗಾಳಿ ಮ್ಯಾಲಿಂದ ಅದುಮ್ತದೆ ಅನ್ಕಂಡವ್ರೆ ಎಲ್ರೂ. ಅದು ಸೂರಿನ ಕೆಳಗ ನುಗ್ಗಿ ಎತ್ತದು ಕಣವ್ವ." ಸೂರು ಗೋಡೆಯಿಂದ ಆಚೆಗೆ ತುಂಬಾ ಚಾಚಿದೆ, ಅದನ್ನೂ ಮೊಟಕು ಮಾಡುತ್ತೇನೆ ಎಂದ. ನಾನು ಸರಿ ಎಂದೆ.

ಕೆಳಗೆ ಇಳಿದವನು ಹಿತ್ತಲಿಗೆ ಹೋದ. ಅಲ್ಲಿ ಗೋಡೆಗೆ ಒರಗಿಸಿದ ಹಳೆಯ ಶೀಟುಗಳನ್ನು ನೋಡಿ ಬೆರಳಿಂದ ತಟ್ಟಿದ. "ಇವು ಚೆನ್ನಾಗವಲ್ಲ! ಅಂಚು ವಸಿ ಮಡಚ್ಕಂಡದೆ ಅಷ್ಟೇಯ. ತಟ್ಟಿ ನೇರ ಮಾಡಿ ಇವ್ನೇ ಹಾಕ್ಬುಡನ. ಈಗ ಬರೋ ಮಾಲು ಇಷ್ಟು ದಪ್ಪ ಇರಲ್ಲ" ಎಂದ.

ನಿಮ್ಮನ್ನು ಕೇಳಿ ಹೇಳುತ್ತೇನೆ ಎಂದೆ.

ಇದನ್ನು ನಾನು ನಿಮಗೆ ಯಾವತ್ತೂ ಹೇಳಿಲ್ಲ. ನೀವು ಕೇಳಿಯೂ ಇಲ್ಲ. ಆ ದಿನ ಹಾರಿದ್ದು ಒಂದು ಶೀಟಲ್ಲ, ಐದಾರು. ಒಂದು ಮಹದೇವಸ್ವಾಮಿಯ ಬಾಳೆ ತೋಟದಲ್ಲಿ ಸಿಕ್ಕಿತು, ಒಂದು ರಸ್ತೆಯ ಆಚೆ, ಉಳಿದವು ಅಂಗಳದಲ್ಲಿ. ಮೀನಾಳಿಗೆ ಬಡಿದದ್ದು ಅವುಗಳಲ್ಲಿ ಒಂದು. ಊರಿನವರು ಎಲ್ಲವನ್ನೂ ಹೊತ್ತು ತಂದು ಹಿತ್ತಲಲ್ಲಿ ನಿಲ್ಲಿಸಿದರು. ಆಮೇಲೆ ಮಳೆ ಬಂತು, ಎಲ್ಲವನ್ನೂ ತೊಳೆಯಿತು. ಯಾವುದು ಎಂದು ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

ಹಾಕಿಸಲಾ, ಬೇಡವಾ, ಬರೆಯಿರಿ.

ಇತಿ,
ಶಿವರಂಜಿನಿ


ಕ್ಯಾಂಪು
೧೯ ಮಾರ್ಚ್ ೨೦೨೫

ಶಿವರಂಜಿನಿಗೆ,

ಬೆಲ್ಟ್ ಹಾಕಿಸುವುದು ಒಳ್ಳೆಯದು. ಹಾಕಿದ ಮೇಲೆ ಒಂದು ವಾರವಾದರೂ ನೀರು ಹೊಡೆಯಬೇಕು. ಬೆಳಿಗ್ಗೆ ಸಂಜೆ ಎರಡೂ ಹೊತ್ತು. ಗೋಣಿಚೀಲ ನೆನೆಸಿ ಹೊದಿಸಿದರೆ ಬೇಗ ಒಣಗುವುದಿಲ್ಲ.

ಶೀಟಿಗೆ ಮೊಳೆ ಹೊಡೆಯುವುದು ಬೇಡ. ಕೊಕ್ಕೆಯ ಹಾಗೆ ಬಾಗಿದ ಬೋಲ್ಟ್ ಸಿಗುತ್ತದೆ, ಪೈಪಿನ ಕೆಳಗಿಂದ ಸುತ್ತಿ ಬಂದು ಮೇಲೆ ನಟ್ಟು ಬಿಗಿಯುವಂಥದ್ದು. ಶೀಟಿನ ಉಬ್ಬಿನ ಮೇಲೆ ತೂತು ಹೊಡೆಯಲಿ, ತಗ್ಗಿನಲ್ಲಿ ಹೊಡೆದರೆ ನೀರು ಇಳಿಯುತ್ತದೆ. ಅಂಚಿನಲ್ಲಿ ಬೋಲ್ಟು ಹತ್ತಿರ ಹತ್ತಿರ ಹಾಕಿಸು. ಗಾಳಿ ಮೊದಲು ಕೈ ಹಾಕುವುದು ಅಂಚಿಗೆ.

ಇಲ್ಲಿ ಹೋದ ವಾರ ಗುಡ್ಡದ ಆಚೆ ಮಗ್ಗುಲಿಗೆ ಬೆಂಕಿ ಬಿತ್ತು. ಹಸಿರು ಸೊಪ್ಪು ಹಿಡಿದು ಬಡಿದು ಬಡಿದು ಆರಿಸಿದೆವು. ಮುಖದ ಕೂದಲು ಸುಟ್ಟಿದೆ, ಬೇರೆ ಏನೂ ಆಗಿಲ್ಲ. ಕೆರೆಯಲ್ಲಿ ನೀರು ತಳಕ್ಕೆ ಇಳಿದಿದೆ. ಸಾಯಂಕಾಲ ಆನೆಗಳು ಬಂದು ಕೆಸರಿನಲ್ಲಿ ಕಾಲಿಂದ ತೋಡಿ ನೀರು ಬಸಿಯುವವರೆಗೆ ಕಾದು ನಿಲ್ಲುತ್ತವೆ. ಒಂದು ಸಲಗ ನಮ್ಮ ಶೆಡ್ಡಿನ ಕಂಬಕ್ಕೆ ಬೆನ್ನು ಉಜ್ಜಿಹೋಯಿತು. ಚಾವಣಿಯೆಲ್ಲ ಕಿರುಗುಟ್ಟಿತು. ಒಳಗಿದ್ದ ನಾವು ಉಸಿರು ಬಿಡಲಿಲ್ಲ.

ಅವ್ವನ ಎಣ್ಣೆ ತರಿಸಿದೆಯಾ?

ನಿಂಗರಾಜು


ಹಂಗಳ
೨೮ ಮಾರ್ಚ್ ೨೦೨೫

ಮೀನಾಳ ಅಪ್ಪನಿಗೆ,

ನಮಸ್ಕಾರ. ಎಣ್ಣೆ ತರಿಸಿದ್ದೇನೆ. ಬೆಲ್ಟ್ ಹಾಕಿ ಆಯಿತು. ಶಾಲೆಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ನೀರು ಹೊಡೆಯುತ್ತೇನೆ. ಹೊಂಗೆಯ ಕೊಂಬೆ ಮಹದೇವಸ್ವಾಮಿ ಕಡಿದುಕೊಟ್ಟ.

ಶೀಟಿನ ಬಗ್ಗೆ ನೀವು ಬರೆಯಲಿಲ್ಲ. ಕಾಗದವನ್ನು ತಿರುಗಿಸಿ ಹಿಂದುಗಡೆಯೂ ನೋಡಿದೆ.

ಅದಕ್ಕೇ ಪುಟ್ಟಮಲ್ಲಪ್ಪನಿಗೆ, ಅವನ್ನೇ ಹಾಕಿಬಿಡಿ ಎಂದು ಹೇಳಿದೆ. ಹೇಳುವಾಗ ನನಗೆ ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸಬೇಕಿತ್ತು ಎಂದು ಆಮೇಲೆ ಅನ್ನಿಸಿತು, ಅಷ್ಟೆ. ತಗಡು ಗಟ್ಟಿಯಾಗಿದೆ, ಮನೆಗೆ ಚಾವಣಿ ಬೇಕು. ಅದರಾಚೆಗೆ ನನ್ನ ತಲೆ ಓಡಲಿಲ್ಲ. ಅವನು ಆ ಸಂಜೆ ಎರಡು ಶೀಟು ನೆಲಕ್ಕೆ ಹಾಕಿ ಮರದ ಸುತ್ತಿಗೆಯಲ್ಲಿ ಅಂಚು ತಟ್ಟಿದ. ಅತ್ತೆ ಆ ಸದ್ದಿಗೆ ಎದ್ದು ಮಾರಮ್ಮನ ಗುಡಿ ಕಟ್ಟೆಯ ಮೇಲೆ ಹೋಗಿ ಕೂತರು, ಅವನು ಹೋಗುವವರೆಗೂ ಬರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಬಂದವನು ಚೀಲದಿಂದ ಸಾಮಾನು ತೆಗೆಯದೆ ಜಗಲಿಯ ಮೇಲೆ ಕೂತ. ದಾರಿಯಲ್ಲಿ ಯಾರೋ ಅವನಿಗೆ ಮೀನಾಳ ವಿಷಯ ಹೇಳಿದ್ದಾರೆ.

"ಯಾಕಣ್ಣ, ಶುರು ಮಾಡಲ್ವಾ?" ಎಂದೆ.

"ಮಾಡ್ತೀನಿ. ಆದ್ರ ಆ ಶೀಟ ನಾ ಮುಟ್ಟಲ್ಲ ಕಣವ್ವ."

"ನಾನೇ ಹಾಕಿ ಅಂತ ಹೇಳಿದ್ದೀನಲ್ಲ."

"ನೀ ಯೋಳ್ತೀಯ. ನಂಗ ಕೇಳುಸ್ತದೆ. ಆದ್ರ ಮ್ಯಾಕ್ಕತ್ತಿ ಅದ ಬಿಗಿಯೋ ಕೈ ನಂದಲ್ವ? ನಂಗೂ ಎಣ್ಮಕ್ಳವೆ ಕಣವ್ವ. ನೆನ್ನ ಸಂಜ ನಾ ಗೊತ್ತಿಲ್ದೇ ತಟ್ಬುಟ್ಟೆ. ಒಂದ್ ಮಾತ ಅಂದಿದ್ರ..."

ಅವನು ಕಣ್ಣು ಒರೆಸಿಕೊಂಡ. ಗುಂಡ್ಲುಪೇಟೆಯಿಂದ ಒಂದು ಲಗೇಜ್ ಆಟೋ ಕರೆಸಿದ. ಹಿತ್ತಲಿನ ಶೀಟುಗಳನ್ನೆಲ್ಲ ತಾನೇ ಹೊತ್ತು ಹೇರಿದ, ನನಗೆ ಕೈ ಹಾಕಲು ಬಿಡಲಿಲ್ಲ. ಗುಜರಿಗೆ ಹಾಕಿ ಹೊಸವು ತರುತ್ತೇನೆ ಎಂದು ಹೇಳಿ ಮುಂದೆ ಕೂತ. ಆಟೋ ತಿರುವು ದಾಟಿದ ಮೇಲೂ ತಗಡು ಕುಣಿಯುವ ಸದ್ದು ಕೇಳಿಸುತ್ತಿತ್ತು. ನಾನು ಒಳಗೆ ಬಂದು ಸಾರಿಗೆ ಈರುಳ್ಳಿ ಹೆಚ್ಚಿದೆ.

ಸಂಜೆ ಹಿತ್ತಲಿಗೆ ಹೋದರೆ ಅವು ಒರಗಿದ್ದ ಕಡೆ ಗೋಡೆ ಬಿಳಿಯಾಗಿತ್ತು. ಉಳಿದದ್ದೆಲ್ಲ ಧೂಳು ಹಿಡಿದಿದೆ. ನೀವು ಬೇಡ ಎಂದು ಬರೆದಿದ್ದರೆ ಪುಟ್ಟಮಲ್ಲಪ್ಪ ಅಳಬೇಕಾಗಿರಲಿಲ್ಲ.

ಯುಗಾದಿಗೆ ಒಬ್ಬಟ್ಟು ಮಾಡುವುದಿಲ್ಲ. ಅತ್ತೆಗೆ ಪಾಯಸ ಮಾಡಿಕೊಡುತ್ತೇನೆ.

ಇತಿ,
ಶಿವರಂಜಿನಿ


ಕ್ಯಾಂಪು
೮ ಏಪ್ರಿಲ್ ೨೦೨೫

ಶಿವರಂಜಿನಿಗೆ,

ಗುಜರಿಗೆ ಹಾಕಿದ್ದು ಒಳ್ಳೆಯದಾಯಿತು.

ಹೋದ ಸಲದ ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕೂತಾಗ ಹಳೆಯ ಶೀಟಿನ ಭಾಗಕ್ಕೆ ಬಂದು ನಿಲ್ಲಿಸಿದೆ. ಆಮೇಲೆ ಬೋಲ್ಟಿನ ವಿಷಯ ಬರೆದೆ. ಬೋಲ್ಟಿನ ವಿಷಯ ನನಗೆ ಗೊತ್ತಿತ್ತು.

ಆ ದಿನ ನನಗೆ ಸುದ್ದಿ ಬಂದದ್ದು ವಾಕಿಟಾಕಿಯಲ್ಲಿ. "ನಿಂಗರಾಜು ಮನೆಗೆ ಹೋಗಬೇಕಂತೆ, ಜೀಪು ಬರ್ತಿದೆ" ಎಂದರು, ಬೇರೆ ಏನೂ ಹೇಳಲಿಲ್ಲ. ನಾನು ಅವ್ವ ಎಂದುಕೊಂಡೆ. ದಾರಿಯುದ್ದಕ್ಕೂ ಅವ್ವನನ್ನೇ ನೆನೆಸಿಕೊಂಡು ಕೂತಿದ್ದೆ. ಇಷ್ಟು ವಯಸ್ಸಾಗಿದೆ, ಇನ್ನೇನು ಮಾಡುವುದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಾ ಬಂದೆ. ಮನೆ ಮುಂದೆ ಇಳಿದಾಗ ಮೊದಲು ಕಂಡದ್ದು ಅವ್ವ. ಬೀದಿಯಲ್ಲಿ ನಿಂತಿದ್ದಳು.

ಇದನ್ನು ಯಾರಿಗೂ ಹೇಳಿರಲಿಲ್ಲ.

ಇಲ್ಲಿ ಮೋಡ ಬರುತ್ತದೆ, ಹೋಗುತ್ತದೆ. ಹನಿ ಇಲ್ಲ.

ನಿಂಗರಾಜು


ಹಂಗಳ
೧೬ ಏಪ್ರಿಲ್ ೨೦೨೫

ಮೀನಾಳ ಅಪ್ಪನಿಗೆ,

ನಮಸ್ಕಾರ. ಚಾವಣಿ ಮುಗಿಯಿತು. ಮೂರು ಸಾಲು ಪೈಪು, ಎರಡೂ ಕಡೆ ಬೆಲ್ಟಿನ ಕಬ್ಬಿಣಕ್ಕೆ ಬೆಸೆದಿದ್ದಾನೆ. ನೀವು ಬರೆದ ಹಾಗೇ ಅಂಚಿನಲ್ಲಿ ಬೋಲ್ಟು ಹತ್ತಿರ ಹತ್ತಿರ ಇದೆ. ಸೂರು ಒಂದು ಗೇಣು ಮಾತ್ರ ಆಚೆ ಬಂದಿದೆ. ಮೂಲೆಯ ಶೀಟು ಮೊದಲು ಕೊಂಚ ಅಲ್ಲಾಡುತ್ತಿತ್ತು. ನಾನು ಏಣಿ ಹತ್ತಿ ಹಿಡಿದು ನೋಡಿ, ಸರಿಯಿಲ್ಲ ಎಂದೆ. "ಸರಿ ಅದೆ ಕಣವ್ವ" ಎಂದು ವಾದ ಮಾಡಿದ. ಆಮೇಲೆ ತಾನೇ ಜಗ್ಗಿ ನೋಡಿ, ಇನ್ನೆರಡು ಬೋಲ್ಟು ಹಾಕಿದ.

ಒಳಗೆ ಬಣ್ಣದ ವಾಸನೆ ಇದೆ. ಕಾಗೆ ಮೇಲೆ ನಡೆದರೆ ಮನುಷ್ಯರು ನಡೆದ ಹಾಗೆ ಕೇಳಿಸುತ್ತದೆ. ಮಧ್ಯಾಹ್ನ ಬಿಸಿಲಿಗೆ ತಗಡು ಹಿಗ್ಗಿ ಟಕ್ ಟಕ್ ಎನ್ನುತ್ತದೆ. ನಾನು ಅಲ್ಲಿ ಚಾಪೆ ಹಾಸಿ ಮಲಗಿದೆ. ಭಯ ಆಗಲಿಲ್ಲ. ಸಮಾಧಾನವೂ ಆಗಲಿಲ್ಲ. ಶಾಲೆಗೆ ರಜೆ ಬಿಟ್ಟಿದೆ. ಹಗಲು ಕಳೆಯುವುದು ಕಷ್ಟ.

ಅತ್ತೆ ಹೊಸಿಲ ತನಕ ಬಂದು ತಲೆಯೆತ್ತಿ ನೋಡಿದರು. "ಚೆಂದಾಗದೆ" ಎಂದು ವಾಪಸ್ಸು ಅಡುಗೆಮನೆಗೆ ಹೋದರು.

ಕನಕರಾಜು ಮೊನ್ನೆ ಮಜ್ಜಿಗೆ ಕುಡಿದು ಹೋದ. ಕುಡಿಯುತ್ತಾ ಅವನೇ ಹೇಳಿದ, ಬೆಂಕಿಯ ಕಾಲದಲ್ಲೂ ನಿಮ್ಮಂಥ ವಾಚರ್‌ಗಳು ಸರದಿಯ ಮೇಲೆ ಎರಡೆರಡು ದಿನ ಮನೆಗೆ ಹೋಗಿ ಬರುತ್ತಿದ್ದಾರೆ ಎಂದು. ನಾನು ಅವನನ್ನು ಕೇಳಿರಲಿಲ್ಲ. ನಿಮ್ಮನ್ನೂ ಕೇಳುತ್ತಿಲ್ಲ.

ಮೇ ನಾಲ್ಕಕ್ಕೆ ಮೀನಾ ಹೋಗಿ ವರ್ಷ ತುಂಬುತ್ತದೆ. ಅತ್ತೆ ಎಡೆ ಇಡಬೇಕು ಎನ್ನುತ್ತಾರೆ. ಅಷ್ಟು ಚಿಕ್ಕ ಮಕ್ಕಳಿಗೆ ಎಡೆ ಇಡುವುದಿಲ್ಲ ಎಂದು ಊರಿನ ಹೆಂಗಸರು ಹೇಳಿದರು. "ನಿಮ್ಗೇನ್ ಗೊತ್ತು, ಅವ್ಳು ಊಟಕ್ಕ ಎಷ್ಟ್ ಅವಸರ ಮಾಡೋಳು" ಎಂದು ಅತ್ತೆ ಅವರನ್ನು ಬೈದು ಕಳಿಸಿದರು. ಇಡುತ್ತೇವೆ.

ಬರುವುದಾದರೆ ಬನ್ನಿ. ಚಾವಣಿಗೆ ಅಂತ ಬರುವುದು ಬೇಡ, ಅದು ಮುಗಿಯಿತು.

ಇತಿ,
ಶಿವರಂಜಿನಿ


ಕ್ಯಾಂಪು
೨೩ ಏಪ್ರಿಲ್ ೨೦೨೫

ಶಿವರಂಜಿನಿಗೆ,

ನಿನ್ನೆ ಇಲ್ಲಿ ಮಳೆ ಬಿತ್ತು. ಚೆನ್ನಾಗಿಯೇ ಬಿತ್ತು. ನೆಲದಿಂದ ಹೊಗೆಯ ಹಾಗೆ ಹಬೆ ಎದ್ದಿತು. ಬೆಂಕಿ ಕಾವಲು ಸಡಿಲ ಮಾಡಿದ್ದಾರೆ. ಇನ್ನು ರಜೆ ಇಲ್ಲ ಎಂದು ನಾನು ಬರೆಯುವ ಹಾಗಿಲ್ಲ. ಕನಕರಾಜು ಹೇಳಿದ್ದು ನಿಜ.

ಒಂದು ಮಾತು ಕೇಳಬೇಕು. ಎದುರಿಗೆ ಕೂತು ಕೇಳಲು ನನಗೆ ಆಗುವುದಿಲ್ಲ. ಕೇಳದೆ ಆ ಮನೆಯೊಳಕ್ಕೆ ಬರುವುದಕ್ಕೂ ಆಗುತ್ತಿಲ್ಲ. ದೀಪಾವಳಿಗೆ ಬಂದಾಗ ಅದೇ ಬಾಯಿಗೆ ಬಂದು ನಿಂತಿತ್ತು, ಅದಕ್ಕೇ ಟೀ ಕುಡಿದು ಹೊರಟುಬಿಟ್ಟೆ.

ಆ ಹೊತ್ತಿನಲ್ಲಿ, ಅಂಥ ಗಾಳಿಯಲ್ಲಿ, ಅವಳು ಅಂಗಳಕ್ಕೆ ಯಾಕೆ ಹೋದಳು? ಯಾರಾದರೂ ಕಳಿಸಿದರಾ? ಏನಾದರೂ ಅಂದಳಾ?

ಏನಿದ್ದರೂ ಬರೆ.

ನಿಂಗರಾಜು


ಹಂಗಳ
೩೦ ಏಪ್ರಿಲ್ ೨೦೨೫

ಮೀನಾಳ ಅಪ್ಪನಿಗೆ,

ನಮಸ್ಕಾರ. ನಿಮ್ಮ ಕಾಗದ ಶನಿವಾರ ಬಂತು. ಎರಡು ದಿನ ಹಾಗೇ ಇಟ್ಟಿದ್ದೆ. ನಿನ್ನೆ ಗಾಳಿ ಬಂತು. ಇವತ್ತು ಬರೆಯುತ್ತಿದ್ದೇನೆ.

ಕೇಳಿದ್ದನ್ನು ಮೊದಲು ಹೇಳುತ್ತೇನೆ.

ಆ ದಿನ ಅಂಗಳದಲ್ಲಿ ಚಾಪೆ ಹಾಕಿ ಅತ್ತೆ ಹುಣಸೆಹಣ್ಣು ಒಣಗಲು ಹಾಕಿದ್ದರು. ವಾರವೆಲ್ಲ ಕೂತು ಬಿಡಿಸಿ ಬೀಜ ತೆಗೆದಿದ್ದ ಹಣ್ಣು. ನಾನು ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದೆ. ಮೀನಾ ಮುಂದಿನ ಮನೆಯಲ್ಲಿ ತಟ್ಟೆ ಇಟ್ಟುಕೊಂಡು ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿನ್ನುತ್ತಿದ್ದಳು. ಅತ್ತೆ ಜಗಲಿಯ ಮೇಲಿದ್ದರು. ಇದ್ದಕ್ಕಿದ್ದ ಹಾಗೆ ಕತ್ತಲಾಗಿ ಧೂಳು ಎದ್ದಿತು. ಅತ್ತೆ, "ಅಯ್ಯೋ ಹುಣ್ಸೆಣ್ಣೆಲ್ಲ ನೆಂದೋಯ್ತದಲ್ಲಪ್ಪಾ" ಎಂದರು. ಯಾರಿಗೂ ಹೇಳಿದ್ದಲ್ಲ. ಆಕಾಶ ನೋಡಿ ಅಂದದ್ದು. ಅದು ನನಗೂ ಕೇಳಿಸಿತು, ಮೀನಾಳಿಗೂ ಕೇಳಿಸಿತು. ಅವಳು ಎದ್ದು ಓಡಿದಳು.

ಓಡುವಾಗ ತಿರುಗಿ ಒಂದು ಮಾತು ಅಂದಳು. "ನನ್ ಮಾವ್ನಕಾಯ ಯಾರೂ ಮುಟ್ಬೇಡಿ ಮತ್ತ!"

ಅಷ್ಟೇ. ಬೇರೆ ಏನೂ ಅನ್ನಲಿಲ್ಲ. ಅತ್ತೆ, "ಬುಡು ಮಗ, ಒಳಕ್ಕ ಬಾ" ಎಂದು ಕೂಗಿದರು, ಅದು ಅವಳಿಗೆ ಕೇಳಿಸಿತೋ ಇಲ್ಲವೋ. ಚಾಪೆಯ ಒಂದು ಮೂಲೆ ಹಿಡಿದು ಮಡಚುತ್ತಿದ್ದಳು. ಚಾವಣಿ ಹರಿದ ಸದ್ದಿಗೆ ನಾನು ಬಾಗಿಲಿಗೆ ಬಂದೆ. ಧೂಳಿನಲ್ಲಿ ಏನೂ ಕಾಣಲಿಲ್ಲ. ಧೂಳು ಇಳಿದ ಮೇಲೆ ಕಂಡಳು. ಅವಳಿಗೆ ಗೊತ್ತೇ ಆಗಿರಲಾರದು ಎಂದು ಗುಂಡ್ಲುಪೇಟೆಯಲ್ಲಿ ಡಾಕ್ಟರು ಹೇಳಿದರು. ನಾನು ಅವರ ಮಾತು ನಂಬಿದ್ದೇನೆ. ನೀವೂ ನಂಬಿ.

ಆ ಮಾವಿನಕಾಯಿಯನ್ನು ಯಾರೂ ಮುಟ್ಟಲಿಲ್ಲ. ಎಷ್ಟು ದಿನ ಅಲ್ಲೇ ಇತ್ತೋ, ಆ ತಟ್ಟೆಯನ್ನು ಯಾರು ತೊಳೆದಿಟ್ಟರೋ ನನಗೆ ಗೊತ್ತಿಲ್ಲ.

ಯಾರೂ ಕಳಿಸಲಿಲ್ಲ. ನಾನು ಕಳಿಸಿದೆ ಎಂದುಕೊಂಡಿದ್ದಿರೇನೋ. ಇರಲಿ. ಆದರೆ ಅತ್ತೆ ತಾನೇ ಕಳಿಸಿದೆ ಎಂದುಕೊಂಡಿದ್ದಾರೆ. ನಿನ್ನೆಯವರೆಗೂ ಬಾಯಿ ಬಿಟ್ಟು ಹೇಳಿರಲಿಲ್ಲ. ಆಮೇಲೆ ಅವರು ಹುಣಸೆಹಣ್ಣು ಮುಟ್ಟಿಲ್ಲ, ಅದು ಹಾಕಿದ ಸಾರು ಉಣ್ಣುವುದಿಲ್ಲ. ಗಾಳಿ ಬಂದಾಗ ಅವರು ಬೀದಿಗೆ ಹೋಗಿ ನಿಲ್ಲುವುದು ಹೆದರಿಕೆಗಲ್ಲ. ಏನಾದರೂ ಬೀಳುವುದಿದ್ದರೆ ತನ್ನ ಮೇಲೆ ಬೀಳಲಿ ಎಂದು. ಇದು ನನಗೆ ಗೊತ್ತಾದದ್ದು ನಿನ್ನೆ.

ನಿನ್ನೆ ಸಂಜೆ ಬಂದ ಗಾಳಿ ಹೋದ ವರ್ಷದ್ದಕ್ಕಿಂತ ಕಡಿಮೆ ಏನಲ್ಲ. ಆಲಿಕಲ್ಲೂ ಬಿತ್ತು. ಅತ್ತೆ ಎದ್ದು ಹೊರಗೆ ಹೋದರು. ಎಂದಿನ ಹಾಗೆ ನಾನು ಸುಮ್ಮನಿದ್ದೆ. ಬಾಗಿಲಿಂದ ನೋಡಿದರೆ ರಸ್ತೆಯ ನಡುವೆ ನಿಂತು ತಲೆಯ ಮೇಲಿನ ಸೆರಗು ತೆಗೆದಿದ್ದರು. ಆಲಿಕಲ್ಲು ಬರೀ ತಲೆಯ ಮೇಲೇ ಬೀಳುತ್ತಿತ್ತು. ನಾನು ಓಡಿಹೋಗಿ ಕೈ ಹಿಡಿದು ಎಳೆದೆ.

"ಬುಡಮ್ಮಿ, ನನ್ನ ಬುಡು. ನಾನು ಬಾಯ್ ಮುಚ್ಕಂಡಿದ್ರ ಮಗ ಓಯ್ತಿರ್ನಿಲ್ಲ" ಎಂದರು.

"ನೆನೀತಾ ಇದ್ದೀರಿ, ಒಳಕ್ಕೆ ಬನ್ನಿ ಅತ್ತೆ" ಎಂದೆ. ಎರಡು ತೋಳೂ ಹಿಡಿದು ಹೆಚ್ಚುಕಡಿಮೆ ಎತ್ತಿಕೊಂಡೇ ಬಂದು ಮುಂದಿನ ಮನೆಯಲ್ಲಿ ಕೂರಿಸಿದೆ. ಬಿಟ್ಟರೆ ಎದ್ದು ಹೋಗುತ್ತಾರೆ ಎಂದು ಹಿಡಿದುಕೊಂಡೇ ಕೂತೆ. ಮೇಲೆ ತಗಡಿನ ಸದ್ದು ಎಷ್ಟಿತ್ತು ಎಂದರೆ ಅವರು ಅಳುತ್ತಿದ್ದದ್ದು ಕೇಳಿಸಲಿಲ್ಲ, ಮೈ ಅಲ್ಲಾಡುವುದರಿಂದ ಗೊತ್ತಾಯಿತು. ಪೈಪು ಗುಂಯ್ ಎನ್ನುತ್ತಿತ್ತು. ಒಂದು ಶೀಟೂ ಮೇಲೇಳಲಿಲ್ಲ.

ಮಹದೇವಸ್ವಾಮಿಯ ಬಾಳೆ ಎಲ್ಲ ಮಲಗಿದೆ. ಮೂರು ಮನೆಯ ಹೆಂಚು ಹೋಗಿದೆ. ಯಾರಿಗೂ ಏನೂ ಆಗಿಲ್ಲ.

ಅತ್ತೆ ನಿಮಗೆ ಹೇಳುವ ಮುಂಚೆ ನಾನು ಹೇಳಬೇಕು ಅನ್ನಿಸಿತು. ನೀವು ಬಂದಾಗ ಅವರು ಹೇಳುತ್ತಾರೆ. ಆಗ ಎದ್ದು ಹೋಗಬೇಡಿ.

ಇತಿ,
ಶಿವರಂಜಿನಿ


ಕ್ಯಾಂಪು
೭ ಮೇ ೨೦೨೫

ಶಿವರಂಜಿನಿಗೆ,

ಸೋಮವಾರ ಬೆಳಿಗ್ಗೆ ಊರಿಂದ ಹೊರಟು, ಬಸ್ಸು ಇಳಿದು ಕಾಡಿನ ಗೇಟಿನ ಹತ್ತಿರ ತುಂಬಾ ಹೊತ್ತು ಕಾದೆ, ಆಮೇಲೆ ಜೀಪು ಸಿಕ್ಕಿತು. ಸುಖವಾಗಿ ತಲುಪಿದೆ.

ಎರಡು ದಿನದಲ್ಲಿ ನಾವಿಬ್ಬರೂ ಹತ್ತು ಮಾತು ಆಡಿದೆವೋ ಇಲ್ಲವೋ. ನಿನಗೆ ಬೇಸರ ಆಗಿರಬಹುದು. ನನಗೆ ಎದುರಿಗೆ ಬರುವುದಿಲ್ಲ. ಹೊಸಿಲು ದಾಟುವಾಗ ನೀನು ಬಾಗಿಲ ಹತ್ತಿರ ನಿಂತು ನನ್ನ ಕಾಲನ್ನೇ ನೋಡುತ್ತಿದ್ದೆ. ಅದು ನನಗೆ ಕಂಡಿತು.

ಭಾನುವಾರ ಎಡೆ ಇಟ್ಟು ಊಟ ಆದ ಮೇಲೆ ನೀನು ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದೆ. ನಲ್ಲಿಯ ಸದ್ದಿನಲ್ಲಿ ನಿನಗೆ ಏನೂ ಕೇಳಿಸಿರಲಾರದು. ಅದಕ್ಕೆ ಬರೆಯುತ್ತಿದ್ದೇನೆ.

ಅವ್ವ ನನ್ನ ಎದುರು ಬಂದು ಕೂತಳು. ನೀನು ಬರೆದ ಹಾಗೇ ಹೇಳಿದಳು.

"ನಾನೇ ಕಣ್ಲಾ. ಹುಣ್ಸೆಣ್ಣು ಅಂದೆ. ನಾ ಅಂದಿದ್ದ ಕೇಳ್ಕಂಡೇ ಮಗ ಓಡ್ತು. ನಿನ್ ಎಂಡ್ತಿ ನಂಗ ಒಂದಿನ ಒಂದ್ ಮಾತ ಅನ್ನಿಲ್ಲ. ನೀನ್ ಅಂದ್ಬುಡ್ಲಾ."

ಎದ್ದು ಹೋಗಬೇಡಿ ಎಂದು ನೀನು ಬರೆದಿರದಿದ್ದರೆ ನಾನು ಎದ್ದು ಹೋಗುತ್ತಿದ್ದೆ. ಕಾಲು ಆಗಲೇ ಮಡಚಿ ಎದ್ದೇಳುವ ಹಾಗೆ ಆಗಿತ್ತು. ಕೂತೆ. ಅವ್ವನದೇನೂ ತಪ್ಪಿಲ್ಲ ಎಂದರೆ ಅವಳು ನಂಬುವುದಿಲ್ಲ. ಊರವರೆಲ್ಲ ಅದನ್ನು ಹೇಳಿರುತ್ತಾರೆ.

ನಾನು ಎಂದೆ, "ಅವ್ವ, ಮ್ವಾಡ ಕಂಡ್ರ ಯಾರಾದ್ರೂವೆ ಅಂಗೇ ಅನ್ನದು. ನಾ ಅಲ್ಲಿದ್ದಿದ್ರ ನಾನೂ ಅದ್ನೇ ಅಂತಿದ್ದೆ ಕಣವ್ವ. ಹುಣ್ಸೆಣ್ಣು ನೆಂದೋಯ್ತದೆ ಅಂತಾನೇ ಅಂತಿದ್ದೆ."

ಅವಳು ನನ್ನ ಮುಖ ನೋಡಿದಳು. ಕೈ ಚಾಚಿ ನನ್ನ ಗಲ್ಲ ಹಿಡಿದುಕೊಂಡಳು. ಚಿಕ್ಕವನಿದ್ದಾಗ ಸುಳ್ಳು ಹೇಳಿದರೆ ಹಿಡಿಯುತ್ತಿದ್ದಳಲ್ಲ, ಹಾಗೆ.

"ಇನ್ನೊಂದ್ ಸಲ ಅನ್ಲಾ ಮಗ" ಎಂದಳು.

ಇನ್ನೊಂದು ಸಲ ಅಂದೆ.

ಹದಿನೆಂಟನೇ ತಾರೀಕು ಬರುತ್ತೇನೆ. ಬೆಳಗಿನ ಮೊದಲ ಬಸ್ಸಿಗೆ.

ನಿಂಗರಾಜು